ಹಾರ್ಪಿನ ಮೌನಕ್ಕೆ ವಂದನಾರ್ಪಣೆ

ಹೊಸ ಸಂಗೀತ ಬರೀತೀನಿ ಅಂತ ಹೊರಟವಳಿಗೆ ನಮ್ಮ ಕಡೆ ಉಪದೇಶಕ್ಕೆ ಬರವಿಲ್ಲ. ನಾನು ಬರೆದದ್ದು ಹಾರ್ಪ್ ಒಂದಕ್ಕೇ. ನನ್ನ ಭುಜದೆತ್ತರದ ಮರದ ಚೌಕಟ್ಟು, ಅದಕ್ಕೆ ಬಿಗಿದ ತಂತಿಗಳು, ಅಷ್ಟೇ. ತಬಲಾ ಇಲ್ಲ, ಹಾಡಿಲ್ಲ. ತಂತಿ ಮೀಟೋದಿದೆ, ಮರ ಬಡಿಯೋದಿದೆ, ನಡುವೆ ಸುಮಾರು ಹೊತ್ತು ಸುಮ್ಮನೆ ಕೂರೋದೂ ಇದೆ. ಒಂದು ಚೂರೂ ಕತ್ತರಿಸದೆ ಪೂರ್ತಿ ನುಡಿಸಬೇಕು, ಇದೊಂದೇ ನನ್ನ ಹಟ. ಕತ್ತರಿ ಹಿಡಿದವರು ಮಾತ್ರ ಹೋದಲ್ಲೆಲ್ಲ ಸಿಕ್ಕರು.

ಸಾಗರ: ಪಕ್ಕದ ಮನೆ

ಮನೆಯಲ್ಲಿ ಅಭ್ಯಾಸ ಮಾಡ್ತಿದ್ದೆ. ಪಕ್ಕದ ಮನೆ ಅತ್ತೆ ಬೇಲಿ ಹತ್ತಿರ ಬಂದು, "ಕೂಸೇ, ತಿಂಗಳಾತು, ಬರೀ ಶ್ರುತಿ ಸೇರ್ಸ್ತಾ ಇದ್ಯಲೆ. ಹಾಡು ಯಾವಾಗ ಶುರು?" ಅಂದರು.

"ಇದೇ ಹಾಡು ಅತ್ತೆ."

ಅವರ ಮುಖದಲ್ಲಿ ನಿಜವಾದ ಮರುಕ. "ಅಡ್ಡಿಲ್ಲೆ, ಬೇಜಾರು ಮಾಡ್ಕಳಡ. ಕಲ್ತ್ರೆ ಎಲ್ಲಾ ಬತ್ತು."

ಸಿಟ್ಟು ಬಂತು. ಅವತ್ತಿನಿಂದ ಕಿಟಕಿ ತೆಗೆದಿಟ್ಟೇ ನುಡಿಸಿದೆ.

ಹೊಸನಗರ: ಬಾಗಿಲು

ಸಂಗೀತಪ್ರಿಯರೊಬ್ಬರ ಮನೆಯ ಪಡಸಾಲೆಯಲ್ಲಿ ಕಾರ್ಯಕ್ರಮ. ನಾನು ಹಾರ್ಪಿನ ಮರವನ್ನು ಬಡಿದೆ. ಮನೆ ಯಜಮಾನರು ಎದ್ದು ಹೋಗಿ ಮುಂಬಾಗಿಲು ತೆಗೆದರು. ಯಾರೂ ಇಲ್ಲ. ಮತ್ತೆ ಬಡಿದೆ, ಮತ್ತೆ ಹೋದರು. ಮೂರನೇ ಸಲ ಗುಟ್ಟು ಗೊತ್ತಾಗಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಆ ಬಡಿಯೋದೊಂದು ಬಿಟ್ಬಿಡಮ್ಮ. ನೆಂಟರು ಬಂದ್ರು ಅಂತ ಒಳಗೆ ಆಗ್ಲೇ ಕಾಫಿಗೆ ಇಟ್ಟಾಯ್ತು."

ಬಿಡಲಿಲ್ಲ. ಇನ್ನೂ ಜೋರಾಗಿ ಬಡಿದೆ. ಅವರು ಬಾಗಿಲನ್ನು ಹಾರು ಹೊಡೆದು ತೆಗೆದಿಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, "ಈಗ ಎಷ್ಟು ಬೇಕಾದ್ರೂ ಬಡ್ಕಳಮ್ಮ" ಅಂದರು.

ತೀರ್ಥಹಳ್ಳಿ: ವಂದನಾರ್ಪಣೆ

ಇಲ್ಲಿ ಸಭಾಂಗಣ, ಮೈಕು, ತುಂಬಿದ ಜನ. ಸಂಘಟಕರು ಮೊದಲೇ ಅಂದಿದ್ದರು, "ಆ ಸುಮ್ನೆ ಕೂರೋ ಭಾಗ ತೆಗೀರಿ. ಅಲ್ಲೊಂದು ಸಿನಿಮಾ ಹಾಡು ಹಾಕಿ."

"ತೆಗೆಯೋದಾದ್ರೆ ನನ್ನನ್ನೇ ತೆಗೀರಿ" ಅಂದೆ.

ನುಡಿಸುತ್ತಾ ಆ ಮೌನ ಬಂತು. ಕೈ ಮಡಿಲಲ್ಲಿಟ್ಟು ಕೂತೆ. ನಮ್ಮ ಕಡೆ ವೇದಿಕೆ ಮೇಲೆ ಸದ್ದು ನಿಂತರೆ ಸನ್ಮಾನ ಶುರು ಅಂತಲೇ ಅರ್ಥ. ಸಂಘಟಕರು ಓಡಿ ಬಂದು ಶಾಲು ಹೊದಿಸಿದರು, ಪೇಟ ತೊಡಿಸಿದರು, ಮೈಕು ಹಿಡಿದು ವಂದನಾರ್ಪಣೆಗೇ ನಿಂತರು. "ಮೈಕಿನವರಿಗೂ, ಹೂವಿನ ಅಲಂಕಾರ ಮಾಡಿದವರಿಗೂ..."

ನಾನು ಅಲ್ಲಾಡಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು. ಆಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಗದರಿದರು. "ಸುಮ್ನಿರಾ ಮಾರಾಯ. ಆ ಹುಡ್ಗೀದು ಸುಮ್ನಿರೋದು ಇನ್ನೂ ಮುಗೀಲಿಲ್ಲ."

ಸಂಘಟಕರು ಕೂತರು. ಪೇಟ ಹುಬ್ಬಿನ ಮೇಲೆ ಜಾರಿದ್ದರೂ ನಾನು ಕೊನೇ ಸ್ವರದವರೆಗೂ ನುಡಿಸಿದೆ. ಒಂದು ಚೂರೂ ಬಿಡದೆ.

ಮುಗಿಸಿ ಎದ್ದು, ಕೈಮುಗಿದು ನಿಂತೆ. ಅಜ್ಜಿಯ ಹೆದರಿಕೆಗೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಸಂಘಟಕರು ನನ್ನನ್ನು ಕೇಳಲೇ ಇಲ್ಲ, ನೇರ ಅಜ್ಜಿಯ ಹತ್ತಿರ ಹೋಗಿ, "ಅಮ್ಮಾ, ಈಗ ವಂದಿಸ್ಬಹುದಾ?" ಅಂದರು.

ಅಜ್ಜಿ ನನ್ನನ್ನೊಮ್ಮೆ ನೋಡಿ ಅಂದರು, "ತಡಿ, ಈಗ ನಿಂತ್ಕೊಂಡು ಸುಮ್ನಿರೋದು ನಡೀತಾ ಇದೆ."