ತಾನೇ ನಿಲ್ಲುವ ಕಾರು, ತಳ್ಳುವ ಬೀಗರು

ನಮ್ಮ ಮನೆಯಲ್ಲಿ ತಾವಾಗಿಯೇ ನಿಂತುಹೋಗುವ ವಸ್ತುಗಳಿಗೆ ಎಂದೂ ಕೊರತೆ ಇರಲಿಲ್ಲ. ಮಿಕ್ಸಿ ಚಟ್ನಿಯನ್ನು ಅರ್ಧ ರುಬ್ಬಿ ನಿಲ್ಲುತ್ತದೆ. ನೀರಿನ ಮೋಟಾರು ನೆಂಟರು ಬಂದ ದಿನ ನೋಡಿಕೊಂಡು ನಿಲ್ಲುತ್ತದೆ. ಕರೆಂಟಿನ ಮಾತು ಬಿಡಿ, ಅದು ಬಂದರೇನೇ ಸುದ್ದಿ. ಇವನ್ನೆಲ್ಲ ನಾವು ಬೈದಿದ್ದೇವೆ, ತಲೆಗೆ ಎರಡು ತಟ್ಟಿದ್ದೇವೆ, ಚೀಲದಲ್ಲಿ ಹಾಕಿಕೊಂಡು ರಿಪೇರಿಯವನ ಮನೆ ಬಾಗಿಲು ತಟ್ಟಿದ್ದೇವೆ. ಆದರೆ ತಾನಾಗಿ ನಿಲ್ಲುತ್ತದೆ ಎಂಬ ಕಾರಣಕ್ಕೇ ಮೆಚ್ಚಿ, ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಮನೆಗೆ ತಂದ ಮೊದಲ ವಸ್ತು ನನ್ನ ಕಾರು.

ನಾನಿರುವುದು ರಾಮನಗರದಲ್ಲಿ. ಕೆಲಸ ಬಿಡದಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ. ನಟ್ಟು ಬೋಲ್ಟು ಕಾಯುವವನಿಗೆ ಇಂಜಿನ್ನಿನ ವಿಚಾರವೆಲ್ಲ ಗೊತ್ತಿರುತ್ತದೆ ಎಂದು ನೆಂಟರಿಷ್ಟರು ನಂಬಿದ್ದಾರೆ. ಅವರ ನಂಬಿಕೆ ಕೆಡಿಸಲು ನಾನೂ ಹೋಗಿಲ್ಲ. ಕಾರು ಕೊಟ್ಟ ಶೋರೂಮಿನವರು ವಿವರಿಸಿದ್ದು ಇಷ್ಟು: ಸಿಗ್ನಲ್ಲಿನಲ್ಲಿ ನಿಂತಾಗ ಗೇರು ನ್ಯೂಟ್ರಲ್ಲಿಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದರೆ ಇಂಜಿನ್ನು ತಾನೇ ಆರುತ್ತದೆ, ಮತ್ತೆ ಕ್ಲಚ್ಚು ಒತ್ತಿದರೆ ತಾನೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಉಳಿಯಿತು, ಹೊಗೆ ಕಡಿಮೆಯಾಯಿತು. ಇದು ಬೇಡವೆನಿಸಿದರೆ ಒಂದು ಬಟನ್ ಇದೆ, ಒತ್ತಿದರೆ ಇಂಜಿನ್ನು ಹಾಗೆಲ್ಲ ನಿಲ್ಲುವುದಿಲ್ಲ ಎಂದೂ ಹೇಳಿದರು. ಅವರು ಬಟನ್ ತೋರಿಸುತ್ತಿದ್ದ ಹೊತ್ತಿಗೆ ಸ್ವೀಟ್ ಬಾಕ್ಸ್ ಬಂತು, ನಾನು ಆ ಕಡೆ ನೋಡಿದೆ.

ಮೊದಮೊದಲು ಸುಖವೇ ಆಯಿತು. ಶಿಫ್ಟು ಬಿಡುವ ಹೊತ್ತಿಗೆ ಬಿಡದಿಯಲ್ಲಿ ಕಂಪನಿ ಬಸ್ಸುಗಳು, ಲಾರಿಗಳು, ತಟ್ಟೆ ಇಡ್ಲಿಗೆ ನಿಲ್ಲಿಸಿದ ಬೆಂಗಳೂರಿನ ಕಾರುಗಳು ಒಂದಕ್ಕೊಂದು ಹೆಣೆದುಕೊಂಡು ನಿಂತಾಗ ನನ್ನದೊಂದು ಮಾತ್ರ ಮೌನವ್ರತ ಹಿಡಿದಿರುತ್ತಿತ್ತು. ಆದರೆ ಇಂಜಿನ್ನಿನ ಜೊತೆಗೆ ಏಸಿಯ ತಂಪೂ ಹೋಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಕಾರು ಇಡ್ಲಿ ಪಾತ್ರೆಯಾಗುತ್ತದೆ. ಸಾಲು ಒಂದು ಮೊಳ ಮುಂದೆ ಸರಿದರೆ ಎದ್ದು, ಮತ್ತೆ ಮಲಗಿ, ಮತ್ತೆ ಎದ್ದು, ಅದರ ಅವಸ್ಥೆ ನೋಡಿ ನನಗೇ ಅಯ್ಯೋ ಪಾಪ ಅನ್ನಿಸುತ್ತಿತ್ತು. ಅದು ಏಳುವಾಗಿನ ನಡುಕಕ್ಕೆ, ಬೆಂಗಳೂರಿಗೆ ಹೋಗಿಬರುವಾಗ ಪಕ್ಕದಲ್ಲಿ ತೂಕಡಿಸುತ್ತಿದ್ದ ನನ್ನ ಹೆಂಡತಿ ಶಾರದೆ ಬೆಚ್ಚಿ, "ಮನೆ ಬಂತೇನ್ರೀ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಶಾರದೆಯ ತವರು ಕೂಟಗಲ್ ಕಡೆ. ಅವರ ಮನೆಯಲ್ಲಿ ಬಹಳ ಕಾಲ ಒಂದು ಜೀಪು ಇತ್ತು. ಒಮ್ಮೆ ಆರಿದರೆ ತಳ್ಳದೆ ಹೊತ್ತಿಕೊಂಡ ಇತಿಹಾಸ ಅದಕ್ಕಿಲ್ಲ. ಹಾಗಾಗಿ ಆ ಮನೆತನದಲ್ಲಿ ಒಂದು ರೂಢಿ ಬೆಳೆದಿತ್ತು: ಗಾಡಿಯ ಸದ್ದು ನಿಂತ ಕೂಡಲೇ ಯಾರೂ ಹೇಳದೆ ಎಲ್ಲರೂ ಇಳಿದು, ಪಂಚೆ ಎತ್ತಿ ಕಟ್ಟಿ, ಹಿಂದಕ್ಕೆ ಹೋಗಿ ಕೈ ಕೊಡುವುದು. ನಮ್ಮ ಮದುವೆಯಲ್ಲಿ ಪುರೋಹಿತರೂ ತಳ್ಳಿದ್ದಾರೆ. ನನ್ನ ಅತ್ತೆ ಪುಟ್ಟತಾಯಮ್ಮನವರು ಇದಕ್ಕೆ ಇನ್ನೊಂದು ಸೇರಿಸಿದ್ದರು. ಶುಭ ಕೆಲಸಕ್ಕೆ ಹೊರಟಾಗ ದಾರಿಯಲ್ಲಿ ಗಾಡಿ ನಿಂತರೆ ಆ ಕೆಲಸ ನಮಗಲ್ಲ. ಮೊಮ್ಮಗಳು ರೂಪಾಳಿಗೆ ಬಂದಿದ್ದ ಹಿಂದಿನ ಸಂಬಂಧವೊಂದು ಹೀಗೇ ಊರ ಬಾಗಿಲಲ್ಲಿ ಮುರಿದುಬಿದ್ದಿತ್ತು. ಅವತ್ತು ಜೀಪನ್ನು ಮನೆ ಕಡೆಗೇ ತಿರುಗಿಸಿ ತಳ್ಳಿಕೊಂಡು ಬಂದರಂತೆ.

ಈ ರೂಪಾ ಶಾರದೆಯ ಅಣ್ಣ, ನಮ್ಮ ಲಿಂಗಪ್ಪ ಬಾವನ ಮಗಳು. ಈ ಸಲದ ಹುಡುಗ ಬಿಡದಿಯ ಕಾರ್ಖಾನೆಯೊಂದರಲ್ಲೇ ಕೆಲಸಕ್ಕಿದ್ದ; ಮನೆ ಚನ್ನಪಟ್ಟಣದಾಚೆಯ ಹಳ್ಳಿ. ಹುಡುಗ ತನ್ನ ಅಕ್ಕ ಬಾವನ ಜೊತೆ ಬಂದು ಹೆಣ್ಣು ನೋಡಿ ಹೋಗಿದ್ದ. ಉಳಿದಿದ್ದು ನಮ್ಮ ಕಡೆಯವರು ಹೋಗಿ ಗಂಡಿನ ಮನೆ ನೋಡುವ ಶಾಸ್ತ್ರ. ಜೀಪಿಗೆ ಅಷ್ಟರಲ್ಲಿ ಮೋಕ್ಷವಾಗಿತ್ತು, ಅದಕ್ಕೆ ನನ್ನ ಕಾರು. ಹೊರಡುವ ಬೆಳಿಗ್ಗೆ ಗಾಜು ಒರೆಸುತ್ತಿದ್ದಾಗ ರೂಪಾ ಹತ್ತಿರ ಬಂದಳು. "ಮಾವ, ನಂಗೆ ಅವ್ರು ಇಷ್ಟ ಆಗವ್ರೆ. ಈ ಸಲ ಅಜ್ಜಿ ವಾಪಸ್ ಬಂದ್ಬುಟ್ರೆ ನಾನು ಇನ್ಯಾರ್ ಮುಂದೇನೂ ಕಾಫಿ ತಟ್ಟೆ ಹಿಡ್ಕೊಂಡ್ ನಿಲ್ಲಕಿಲ್ಲ. ದಾರೀಲಿ ಎಲ್ಲೂ ಗಾಡಿ ನಿಲ್ಲಬಾರ್ದು, ಅಷ್ಟೆಯ." ಕಣ್ಣಲ್ಲಿ ನೀರಿತ್ತು. ಹೊಸ ಕಾರು ಕಣಮ್ಮ, ಯಾಕೆ ನಿಲ್ಲುತ್ತೆ ಎಂದು ಎದೆ ಉಬ್ಬಿಸಿ ಹೇಳಿದೆ. ಹೇಳಿದ ಮೇಲೆ ನೆನಪಾಯಿತು, ನಿಲ್ಲುವುದೇ ಅದರ ಹೆಚ್ಚುಗಾರಿಕೆ.

ಆ ಬಟನ್ನಿಗಾಗಿ ಹುಡುಕಿದೆ. ಒಂದು ಒತ್ತಿದರೆ ಕನ್ನಡಿ ಮಡಚಿಕೊಂಡಿತು, ಇನ್ನೊಂದಕ್ಕೆ ಹಿಂದಿನ ಗಾಜು ಬಿಸಿಯಾಯಿತು. ಅಷ್ಟರಲ್ಲಿ ಅತ್ತೆ, ಬಾವ, ಶಾರದೆ ಬಂದು ಕೂತರು. ಸರಿ, ಕ್ಲಚ್ಚಿನಿಂದ ಕಾಲನ್ನೇ ತೆಗೆಯದಿದ್ದರಾಯಿತು ಎಂದು ಹೊರಟೆ. ರಾಮನಗರದ ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದೆ. ರಸ್ತೆ ಅಗಲ ಮಾಡುತ್ತಿದ್ದ ಕಡೆ ಒತ್ತಿ ಹಿಡಿದೆ. ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಗಳ ಮುಂದೆ ಬಸ್ಸೊಂದು ಅಡ್ಡ ನಿಂತಾಗಲೂ ಒತ್ತಿ ಹಿಡಿದೆ. "ಯಾಕ್ರೀ ಮುಖ ಹಿಂಡ್ತಿದೀರಿ?" ಎಂದಳು ಶಾರದೆ. ಹಳ್ಳಿ ಕಡೆ ತಿರುಗಿದರೆ ರೈಲ್ವೆ ಗೇಟು ಬಿದ್ದಿತ್ತು.

ಗೂಡ್ಸ್ ರೈಲು ಯಾವ ಅವಸರವೂ ಇಲ್ಲದೆ ಹೋಯಿತು. ಗೇಟು ಏಳಲಿಲ್ಲ, ಎದುರಿನಿಂದ ಇನ್ನೊಂದು ಬರುವುದಿತ್ತು. ನನ್ನ ಕಾಲು ನಡುಗಿ, ಮೀನಖಂಡ ಸೆಟೆದುಕೊಂಡು, ತಾನಾಗಿಯೇ ಮೇಲೆದ್ದಿತು. ಇಂಜಿನ್ನು ನಿಂತಿತು. ಮತ್ತೆ ಒತ್ತೋಣವೆಂದರೆ ಕಾಲು ಮಡಚಲು ಬಾರದು. ಅತ್ತೆ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಅಳಿಯಂದ್ರೆ, ಗಾಡಿ ನಿಂತೋಯ್ತಾ?"

"ಏನಿಲ್ಲ ಅತ್ತೆ, ಅದೇ ನಿಂತ್ಕೊಳ್ತು ಅಷ್ಟೆ."

"ಯಾರೂ ನಿಲ್ಲುಸ್ದೆ ಅದೇ ನಿಂತ್ಕತ್ತಾ? ಇನ್ನೇನೈತೆ, ತಿರುಗ್ಸಿ ಮನೆ ಕಡೀಕೆ."

ನಾನು ಕಾಲು ಉಜ್ಜಿಕೊಳ್ಳುವಷ್ಟರಲ್ಲಿ ಲಿಂಗಪ್ಪ ಬಾವ ಪಂಚೆ ಕಟ್ಟಿ ಹಿಂದೆ ನಿಂತಾಗಿತ್ತು. ಅವನಿಗೆ ಶಕುನ ಗಿಕುನ ಯಾವುದೂ ಇಲ್ಲ, ಸದ್ದು ನಿಂತರೆ ತಳ್ಳಬೇಕು. "ಬರ್ರಪ್ಪ, ಒಸಿ ಕೈ ಕೊಡಿ" ಎಂದು ಗೇಟಿನಲ್ಲಿ ಕಾಯುತ್ತಿದ್ದವರನ್ನು ಕರೆದ. ಮೊಪೆಡ್ಡಿನ ಮೇಲೆ ಬಾಳೆಹಣ್ಣಿನ ಗೊನೆ ಇಟ್ಟುಕೊಂಡು ಕೂತಿದ್ದ ಬಿಳಿ ಅಂಗಿಯ ಹಿರಿಯರೊಬ್ಬರು ಗಾಡಿಗೆ ಸ್ಟ್ಯಾಂಡ್ ಹಾಕಿ, "ಇದ್ನ ಒಸಿ ಹಿಡ್ಕಳಿ, ನಿಮ್ಗೆ ತಳ್ಳಕೆ ಬರಕಿಲ್ಲ" ಎಂದು ಗೊನೆಯನ್ನು ಬಾವನ ಕೈಗೆ ಕೊಟ್ಟು ತಾವೇ ಭುಜ ಕೊಟ್ಟರು. ಎರಡನೆಯ ರೈಲೂ ಹೋಗಿ ಗೇಟು ಎದ್ದಿತು. ಕಾರು ಹಳಿ ದಾಟಿತು. ಅಷ್ಟರಲ್ಲಿ ನನ್ನ ಕಾಲಿಗೆ ಜೀವ ಬಂದು ಕ್ಲಚ್ಚು ಒತ್ತಿದೆ, ಇಂಜಿನ್ನು ಹೊತ್ತಿಕೊಂಡಿತು. ಬಾವ ಓಡಿಬಂದು ಹತ್ತಿದ, ಗೊನೆಯ ಸಮೇತ.

"ನಿಲ್ಸಿ ಬಾವ, ಅವ್ರ ಹಣ್ಣು ಕೊಟ್ಬುಡ್ತೀನಿ" ಎಂದ. ನಿಲ್ಲಿಸಿದರೆ ಮತ್ತೆ ನಿಲ್ಲುತ್ತದಲ್ಲ. ಹಿಂದೆ ಲಾರಿ ಇದೆ ಎಂದು ಹೇಳಿ ನಾನು ನಿಲ್ಲಿಸಲಿಲ್ಲ. ಪರರ ಹಣ್ಣು ಬೇರೆ ಕದ್ದಂಗಾಯ್ತು ಎಂದು ಅತ್ತೆ ಗೊಣಗಿದರು. ಬರುತ್ತೇವೆಂದು ಹೇಳಿಯಾಗಿದ್ದರಿಂದ, ಗಂಡಿನ ಮನೆಯಲ್ಲಿ ನೀರು ಮಾತ್ರ ಕುಡಿದು ವಾಪಸಾಗುವುದೆಂದು ತೀರ್ಮಾನವಾಯಿತು. ನನಗೆ ರೂಪಾಳ ಮುಖ ಕಣ್ಣ ಮುಂದೆ ಬಂತು.

ಗಂಡಿನ ಮನೆಯಲ್ಲಿ ಯಜಮಾನರಿರಲಿಲ್ಲ. ಹಣ್ಣು ತರಲು ಹೋಗಿದ್ದಾರೆ ಎಂದರು. ನಾವು ಚಾಪೆಯ ಮೇಲೆ ಕೂತೆವು, ಬಾವನ ಮುಂದೆ ಗೊನೆ. ಸ್ವಲ್ಪ ಹೊತ್ತಿಗೆ ಹೊರಗೆ ಮೊಪೆಡ್ಡು ನಿಂತಿತು. "ಗೇಟಲ್ಲಿ ಯಾರ್ದೋ ಕೆಟ್ಟ ಗಾಡಿ ತಳ್ಕೊಟ್ಟೆ ಕಣೆ, ಹಣ್ಣು ತಗೊಂಡು ಹೊಂಟೋದ್ರು" ಎನ್ನುತ್ತಾ ಬಿಳಿ ಅಂಗಿಯವರು ಒಳಗೆ ಬಂದರು. ಗೊನೆ ನೋಡಿದರು. ನಮ್ಮನ್ನು ನೋಡಿದರು. ಬಾವ ಗೊನೆಯನ್ನು ಮೆಲ್ಲಗೆ ಅವರ ಕಡೆ ಸರಿಸಿದ.

ಆಗ ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದ್ರೆ, ನಿಜ ಹೇಳಿ. ಗಾಡಿ ಕೆಟ್ಟಿತ್ತಾ, ಸುಮ್ಸುಮ್ನೆ ನಿಂತಿದ್ದಾ? ಕೆಟ್ಟಿದ್ದ ಗಾಡೀನ ಗಂಡಿನೋರೇ ತಳ್ಳಿ ದಾಟ್ಸಿದ್ರೆ ಅದು ಅಪಶಕುನ ಅಲ್ಲ." ಕೆಟ್ಟಿರಲಿಲ್ಲ ಎಂದರೆ ಅಪಶಕುನ, ಕೆಟ್ಟಿತ್ತು ಎಂದರೆ ನನ್ನ ಮರ್ಯಾದೆ. ಈ ಕಾರಿನ ಗುಣಗಾನವನ್ನು ನೆಂಟರ ಮನೆಗಳಲ್ಲೆಲ್ಲ ಊಟಕ್ಕೆ ಕೂತಾಗ ಮಾಡಿದವನು ನಾನೇ. "ಕೆಟ್ಟಿತ್ತು ಅತ್ತೆ" ಎಂದೆ. "ಪೂರ್ತಿ ಕೆಟ್ಟೋಗಿತ್ತು. ಇವರು ತಳ್ಳದೇ ಇದ್ದಿದ್ರೆ ಅಲ್ಲೇ ಇರ್ತಿದ್ವಿ."

ಅತ್ತೆ ಮತ್ತೆ ಎಲೆಅಡಿಕೆ ಅಗಿಯತೊಡಗಿದರು. "ಯಾರು ಎತ್ತ ಅಂತ ಕೇಳ್ದೆ ಭುಜ ಕೊಟ್ರು. ಇಂಥ ಮನೆಗೆ ನಮ್ಮ ಮಗೀನ ಕೊಡ್ಬೋದು ಕಣ್ಲಾ ಲಿಂಗಪ್ಪ" ಎಂದರು.

ಮದುವೆಯಾಗಿದೆ, ರೂಪಾ ಸುಖವಾಗಿದ್ದಾಳೆ. ಅವಳ ಗಂಡನಿಗೆ ನನ್ನ ಕಾರಿನ ಮರ್ಮ ಗೊತ್ತು, ಹೇಳುವುದಿಲ್ಲ. ಆದರೆ ನಾವು ಅವರ ಮನೆಗೆ ಹೋದಾಗಲೆಲ್ಲ, ಹೊರಡುವ ಹೊತ್ತಿಗೆ ಬೀಗರು ಅಕ್ಕಪಕ್ಕದವರನ್ನು ಕರೆದು ಕಾರಿನ ಹಿಂದೆ ಸಾಲಾಗಿ ನಿಲ್ಲಿಸುತ್ತಾರೆ. ಒಮ್ಮೆ ಅವರು ಬರುವ ಮೊದಲೇ ಕೀಲಿ ತಿರುಗಿಸಿ ಹೊರಟುಬಿಟ್ಟಿದ್ದೆ. ಊಟ ಮಾಡದೆ ಎದ್ದುಹೋದಷ್ಟು ಬೇಸರ ಮಾಡಿಕೊಂಡರಂತೆ. ಮೊನ್ನೆ ಅವರ ಅಂಗಳದಲ್ಲಿ ಹೊರಡಲೆಂದು ಕಾರಿನೊಳಗೆ ಕೂತಿದ್ದಾಗ ಶಾರದೆ, "ಇಲ್ನೋಡ್ರೀ, ನೀವು ಹುಡುಕ್ತಿದ್ದ ಬಟನ್ನು, ನಿಮ್ಮ ಮೊಣಕಾಲ ಹತ್ರಾನೇ ಇದೆ" ಎಂದಳು. ಕನ್ನಡಿಯಲ್ಲಿ ಬೀಗರು ಪಂಚೆ ಎತ್ತಿ ಕಟ್ಟುತ್ತಿದ್ದರು. ಸುಮ್ಮನಿರೇ ಎಂದೆ. ಗೇರು ನ್ಯೂಟ್ರಲ್ಲಿಗೆ ಹಾಕಿ, ಸ್ಟೇರಿಂಗು ಹಿಡಿದು, ಕೆಟ್ಟ ಗಾಡಿಯ ಯಜಮಾನನ ಮುಖ ಮಾಡಿಕೊಂಡು ತಳ್ಳಲಿ ಎಂದು ಕಾದೆ.