ವೈಬ್ರಫೋನಿಗೆ ಹಾಕಿದ ಆದಿತಾಳ

ಸಂಗೀತ ತಿಳಿಯದು ಎಂದು ಒಪ್ಪಿಕೊಳ್ಳುವ ಧೈರ್ಯ ಎಲ್ಲರಿಗೂ ಇರಬಹುದು, ರುದ್ರಪಟ್ಟಣದಿಂದ ಹೆಣ್ಣು ತಂದವನಿಗೆ ಮಾತ್ರ ಇರುವುದಿಲ್ಲ. ಅಲ್ಲಿ ತೊಟ್ಟಿಲ ಕೂಸೂ ತಾಳ ಹಾಕುತ್ತದೆ. ಮದುವೆಯಾದಾಗಿನಿಂದ ನಾನೂ ತೊಡೆಯ ಮೇಲೆ ತಾಳ ಹಾಕುತ್ತ, ನಾಲ್ಕು ಜನ ತಲೆದೂಗಿದಾಗ ಐದನೆಯವನಾಗಿ ತೂಗುತ್ತ, ಹಾಸನದಲ್ಲಿ ರಸಿಕನೆಂದು ಹೆಸರು ಮಾಡಿದ್ದೇನೆ. ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಮಾವನವರ ಪಕ್ಕ, ಮುಂದಿನ ಸಾಲಿನ ಕುರ್ಚಿ ನನ್ನದೇ.

ಈ ಹೆಸರಿಗೆ ಕುತ್ತು ತಂದದ್ದು ಸ್ನೇಹಿತನೊಬ್ಬ ಮೊಬೈಲಿಗೆ ಕಳಿಸಿದ ಜಾಝ್ ಫ್ಯೂಷನ್ ಆಲ್ಬಮ್. ವೈಬ್ರಫೋನ್ ನುಡಿಸುವವನೇ ಅದರ ಮುಖಂಡ. ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿಯುತ್ತಾನೆ. ಹಿಂದೆ ಡ್ರಮ್ಮು, ಗಿಟಾರು ತಮ್ಮ ಪಾಡಿಗೆ ತಾವು ಹೊರಟಿರುತ್ತವೆ. ನನಗೆ ತಲೆಬುಡ ತಿಳಿಯಲಿಲ್ಲ. ಹಾಗಾಗಿ ಆಫೀಸಿನ ತುಂಬ ಹೊಗಳಿಕೊಂಡು ಬಂದೆ. ಹೆಂಡತಿ ಮಾತ್ರ, ಸ್ಟೀಲ್ ಲೋಟ ಜೋಡಿಸುವ ಸದ್ದು ಕೇಳುವುದಕ್ಕೆ ಮೊಬೈಲ್ ಯಾಕೆ, ಅಡುಗೆಮನೆಗೆ ಬನ್ನಿ ಎಂದಳು. ಅಪ್ಪನಿಗೆ ಫೋನಿನಲ್ಲಿ ಸುದ್ದಿಯನ್ನೂ ಮುಟ್ಟಿಸಿದಳು.

ಭಾನುವಾರ ಮಾವ ಬಸ್ಸು ಹತ್ತಿ ಬಂದೇಬಿಟ್ಟರು. ಅಳಿಯಂದಿರು ಅಷ್ಟು ಹೊಗಳುತ್ತಿದ್ದಾರೆ ಅಂದಮೇಲೆ ಕೇಳಲೇಬೇಕು ಎಂದು ಚಕ್ಕಳಮಕ್ಕಳ ಹಾಕಿ ಕೂತರು. ನಾನು ಆಲ್ಬಮ್ ಹಾಕಿ, ಭಂಡ ಧೈರ್ಯದಿಂದ ಆದಿತಾಳ ಶುರುಮಾಡಿದೆ. ಎರಡು ಸುತ್ತು ಸರಿಹೋಯಿತು. ಆಮೇಲೆ ನನ್ನ ಕೈ ಚನ್ನರಾಯಪಟ್ಟಣದ ಕಡೆ, ವೈಬ್ರಫೋನು ಅರಕಲಗೂಡಿನ ಕಡೆ. ನಾನು ಬೆರಳೆಣಿಸುವಾಗ ಅವನ ಪೆಟ್ಟು, ನಾನು ಪೆಟ್ಟು ಹಾಕಿದರೆ ಅವನು ಮೌನ. ಐದೆಣಿಕೆಯ ಖಂಡಚಾಪು ತಾಳಕ್ಕೆ ಹಾರಿದೆ, ಅದೂ ಕೈಕೊಟ್ಟಿತು. ಮುಂದಿನ ಸಾಲಿನ ಕುರ್ಚಿ ಹೋಯಿತು ಅಂದುಕೊಂಡೆ.

ಮಾವ ಮೆಲ್ಲಗೆ ನನ್ನ ಕೈ ಹಿಡಿದು ತೊಡೆಯ ಮೇಲೆ ಮಲಗಿಸಿದರು. "ತಾಳ ಬಿಡಿ ಅಳಿಯಂದ್ರೇ, ಕೇಳೋಣ."

ಕೈ ಸುಮ್ಮನಾದ ಮೇಲೆ ಮೊದಲ ಸಲ ಆ ನಾದ ಕಿವಿಗೆ ಬಿತ್ತು. ಪೆಟ್ಟು ಮುಗಿದರೂ ನಡುಗುತ್ತ ನಡುಗುತ್ತ ನಿಧಾನಕ್ಕೆ ಆರುವ ನಾದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮಾವ ಕಣ್ಣುಮುಚ್ಚಿ ಕೊನೆತನಕ ಕೇಳಿದರು. "ಎಲ್ಲಿಗೆ ಹೋಗ್ತಾನೋ ಗೊತ್ತಾಗಲ್ಲ. ಆದ್ರೆ ವಾಪಸ್ ಬಂದಾಗ, ನಾವೂ ಜೊತೇಲೇ ಹೋಗಿದ್ವಿ ಅನ್ಸುತ್ತೆ" ಎಂದರು. ನನ್ನ ಬೊಗಳೆ ನೆನೆದು ನಾಚಿಕೆಯಾಯಿತು. ಕಾಫಿ ಮುಗಿಯುವವರೆಗೂ ಇತ್ತು.

ಸೋಮವಾರದಿಂದ ಆಫೀಸಿನಲ್ಲಿ ಮಾವನ ಮಾತೇ ನನ್ನ ಅಭಿಪ್ರಾಯ. "ಏನ್ ತಲೆ ಸಾ ನಿಮ್ದು" ಎಂದರು ಗುಮಾಸ್ತರು. ಹೇಳಿ ಹೇಳಿ ಅದು ಯಾರ ಮಾತೆಂಬುದೇ ಮರೆತುಹೋಗಿ, ಮೊನ್ನೆ ಉತ್ಸವದ ಮುಂದಿನ ಸಾಲಿನಲ್ಲಿ ಕೂತು ಮಾವನಿಗೇ ಹೇಳಿಬಿಟ್ಟೆ.

ಮಾವ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ತಲೆದೂಗಿ, "ಭಲೇ" ಎಂದರು.