ಇವಳೇ, ಕಳಸಕ್ಕೆ ಎಷ್ಟು ದೂರ?

ಕರೆಂಟಿನ ಕೆಲಸದವನಿಗೆ ನಗುವಿನ ಬರಗಾಲ ಅಂತ ಬರೋದೇ ಇಲ್ಲ. ವಾರಕ್ಕೊಂದಾದರೂ ಯಾರದೋ ಮನೆಯಲ್ಲಿ ಏನೋ ಆಗಿಯೇ ಆಗುತ್ತೆ, ನಾನು ಏಣಿ ಮೇಲೆ ನಿಂತು ನಗು ತಡ್ಕೊಂಡು ಕೆಲಸ ಮುಗಿಸಿ ಬರ್ತೀನಿ. ಈ ವರ್ಷ ಮಾತ್ರ ಅದು ಊರೆಲ್ಲ ಸುತ್ತಿ ಕೊನೆಗೆ ನಮ್ಮನೆಗೇ ಬಂತು.

ಮೂಡಿಗೆರೆ ಪೇಟೆಯಲ್ಲಿ ನಂದೊಂದು ಎಲೆಕ್ಟ್ರಿಕ್ ಅಂಗಡಿ. ಮೊದಲು ಜನ ಫ್ಯೂಸು, ಮೋಟಾರು ಅಂತ ಕರೀತಿದ್ರು. ಹೋಂಸ್ಟೇಗಳು ಬಂದ ಮೇಲೆ 'ಬಾಯಲ್ಲಿ ಹೇಳಿದ್ರೆ ಲೈಟ್ ಹತ್ತಬೇಕು, ಅಂಥದ್ದು ಹಾಕ್ಕೊಡಿ' ಅಂತಾರೆ. ಅದಕ್ಕೆ ಅಂಗೈಯಗಲದ ಮಾತಾಡೋ ಡಬ್ಬಿಗಳಿವೆ. ಮೂರು ಥರದ್ದು ತರಿಸಿಟ್ಟಿದ್ದೆ. ಒಂದಕ್ಕೆ ಬರೀ ಇಂಗ್ಲಿಷು. ಎರಡನೇದಕ್ಕೆ ಕನ್ನಡ ಬರುತ್ತೆ, ಆದ್ರೆ ವಾರ್ತೆ ಓದೋರ ಕನ್ನಡ. ಮೂರನೇದಕ್ಕೆ ಕನ್ನಡವೂ ಬರುತ್ತೆ, ಅದನ್ನ ಏನಂತ ಕರೀಬೇಕು ಅನ್ನೋದನ್ನೂ ನಾವೇ ಇಟ್ಕೋಬಹುದು.

ಇದೇ ಹೊತ್ತಿಗೆ ನನ್ನ ಹೆಂಡತಿ ಮನೆಯಲ್ಲಿ ಇರಲಿಲ್ಲ. ಸಂಕ್ರಾಂತಿ ಮುಗಿಸಿ ಮಗಳ ಬಾಣಂತನಕ್ಕೆ ಕಳಸಕ್ಕೆ ಹೋಗಿದ್ದಳು. ಬಾಣಂತನ ತವರಲ್ಲೇ ಆಗಬೇಕು, ಮೊದಲನೇದು ನಮ್ಮನೆಯಲ್ಲೇ ಆಯ್ತು. ಎರಡನೇದಕ್ಕೆ ದೊಡ್ಡ ಮೊಮ್ಮಗಳ ಸ್ಕೂಲು ಅಡ್ಡ ಬಂತು, ಹಾಗಾಗಿ ತವರೇ ಬ್ಯಾಗು ಕಟ್ಕೊಂಡು ಅಲ್ಲಿಗೆ ಹೋಯ್ತು. ಮೂರು ತಿಂಗಳು ಅಂತ ಹೇಳಿ ಹೋದಳು. ನಾನೂ ಹೋಗಿ ಇರೋಣ ಅಂದ್ರೆ, ಅಳಿಯನ ಮನೆಯಲ್ಲಿ ಮಾವ ಎರಡು ಊಟಕ್ಕಿಂತ ಹೆಚ್ಚು ಕೂರಬಾರದು ಅಂತ ನಮ್ಮಪ್ಪ ಹೇಳಿ ಹೋಗಿದ್ದಾರೆ. ಮಗು ನೋಡಿ, ಎರಡು ಊಟ ಮಾಡಿ, ವಾಪಸ್ ಬಂದೆ.

ನಿಜ ಹೇಳ್ತೀನಿ, ಅವಳಿಲ್ಲದೆ ನನಗೆ ಮನೆಯಲ್ಲಿ ಕೂತಲ್ಲಿ ಕೂರೋಕೆ ಆಗ್ತಿರಲಿಲ್ಲ. ಆದ್ರೆ ಅದನ್ನ ಅವಳಿಗೆ ಹೇಳೋದು ಹೇಗೆ? ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅಂಥ ಮಾತು ಆಡಿದವನೇ ಅಲ್ಲ. ದಿನಾ ಸಂಜೆ ಫೋನ್ ಮಾಡಿ ಹೆಂಗಿದೀರಿ ಅಂತ ಕೇಳೋಳು. ನಂಗೇನು, ಆರಾಮು ಅಂತಿದ್ದೆ. ಹಾಗೆ ಅಂದೂ ಅಂದೂ ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಂಡೆ.

೧. ಡಿಸಿಪ್ಲಿನ್ ಇಲ್ಲದ ಡಬ್ಬಿ

ಮಲ್ಲಂದೂರು ಕಡೆ ಒಂದು ಎಸ್ಟೇಟ್ ಬಂಗಲೆ. ಅಲ್ಲಿ ಮಾತು ಇಳಿಯೋದಕ್ಕೆ ಅಜ್ಜನ ಕಾಲದಿಂದ ಒಂದು ದಾರಿ ಇದೆ. ಸಾಹುಕಾರರು ಹಾಜರಿ ಬರೆಯೋ ರೈಟರಿಗೆ ಹೇಳ್ತಾರೆ, ರೈಟರು ಮೇಸ್ತ್ರಿಗೆ ಹೇಳ್ತಾರೆ, ಮೇಸ್ತ್ರಿ ಆಳುಗಳಿಗೆ ಹೇಳ್ತಾನೆ. ಕೆಲಸ ಆದ ಸುದ್ದಿಯೂ ಅದೇ ಮೆಟ್ಟಿಲು ಹತ್ತಿ ಮೇಲೆ ಬರಬೇಕು.

ನಾನು ವರಾಂಡದಲ್ಲಿ ಎರಡನೇ ನಮೂನೆ ಡಬ್ಬಿ ಹಾಕಿ, ಇದಕ್ಕೆ ಹೇಳಿದ್ದೆಲ್ಲ ಫೋನಿನಲ್ಲಿ ಪಟ್ಟಿಯಾಗಿ ಉಳ್ಕೊಳ್ಳುತ್ತೆ ಅಂತ ವಿವರಿಸಿದೆ. ಅಂದ್ರೆ ರಿಜಿಸ್ಟರ್ ಬರೀತದೆ ಅನ್ನು, ಅಂತ ಸಾಹುಕಾರರಿಗೆ ಖುಷಿ ಆಯ್ತು. ಹೌದು ಸಾರ್, ಅದ್ರ ಮುಂದೆ ಬಾಯಿ ಬಿಡೋ ಮೊದಲು ಸ್ವಲ್ಪ ಯೋಚನೆ ಮಾಡಿ ಅಂತಲೂ ಹೇಳಿದೆ. ಬೇರೆಯವರಿಗೆ ಬುದ್ಧಿ ಹೇಳೋದ್ರಲ್ಲಿ ನಾನು ಯಾವತ್ತೂ ಮುಂದು.

ಈಗ ಲೈಟ್ ಹಾಕಿಸಿ ನೋಡಿ ಅಂದೆ. ಸಾಹುಕಾರರು ಡಬ್ಬಿ ಕಡೆ ತಿರುಗಲೇ ಇಲ್ಲ. ರೈಟರ ಮುಖ ನೋಡಿ, ಲೈಟ್ ಹಾಕ್ಬೇಕಂತೆ ಅಂತ ಅದಕ್ಕೆ ಹೇಳಿ ಅಂದ್ರು. ರೈಟರು ಮೆಟ್ಟಿಲ ಕೆಳಗೆ ನಿಂತಿದ್ದ ಮೇಸ್ತ್ರಿಗೆ ಹೇಳಿದ್ರು. ಮೇಸ್ತ್ರಿ ಮೇಲೆ ಬಂದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕ್ಕೊಂಡು, ಆಚೆ ಗುಡ್ಡದಲ್ಲಿ ಇರೋರನ್ನ ಕರೆಯೋ ಹಾಗೆ ಕೂಗಿದ. ಲೈಟ್ ಹತ್ತಿತು. ಸಾರ್, ನೀವೇ ನೇರವಾಗಿ ಹೇಳಬಹುದು ಅಂದೆ. ಆಳುಗಳ ಜೊತೆ ಕಾಫಿ ಹಣ್ಣು ಕೊಯ್ಯೋಕೆ ಬನ್ನಿ ಅಂತ ನಾನು ಅವರನ್ನೇ ಕರೆದ ಹಾಗೆ ನೋಡಿದ್ರು.

ಮೂರು ದಿನಕ್ಕೆ ಫೋನು ಬಂತು, ಡಬ್ಬಿ ಬಿಚ್ಕೊಂಡು ಹೋಗು ಅಂತ. ಹೋಗಿ, ಏನು ತೊಂದರೆ ಆಯ್ತು ಸಾರ್ ಅಂತ ಕೇಳಿದೆ.

"ಕೆಲಸ ಏನೋ ಮಾಡ್ತದೆ, ಆದ್ರೆ ಡಿಸಿಪ್ಲಿನ್ ಇಲ್ಲ ಮಾರಾಯ. ಮೇಸ್ತ್ರಿ ಹೇಳಿದ್ದು ಮಾಡಿ, ನಾನು ಕೂತಿರೋ ಕಡೆಗೇ 'ಆಯ್ತು' ಅಂತದೆ. ನಡುವೆ ರೈಟ್ರು ಇಲ್ವಾ?"

೨. ಯಾವ ಗುರುವಾರ

ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಯಾರನ್ನೇ ಮಾತಾಡಿಸಿದ್ರೂ ಅವರ ಕಣ್ಣು ಆಕಾಶದ ಮೇಲೇ ಇರುತ್ತೆ. ಹೂಮಳೆ ಬಂದ್ರೆ ಕಾಫಿ ಗಿಡ ಹೂ ಬಿಡುತ್ತೆ, ತಪ್ಪಿದ್ರೆ ಆ ವರ್ಷದ ಫಸಲು ಹೋಯ್ತು. ಅಂಥ ಒಣ ದಿನಗಳಲ್ಲಿ ಕೊಟ್ಟಿಗೆಹಾರದ ಹತ್ತಿರದ ಬೆಳೆಗಾರರೊಬ್ಬರು ನನ್ನನ್ನ ಕರೆಸಿದ್ರು. ಅವರದ್ದು ಸಣ್ಣ ತೋಟ, ಪಕ್ಕದಲ್ಲಿ ಎರಡು ರೂಮಿನ ಹೋಂಸ್ಟೇ. ಮೂರೂ ಡಬ್ಬಿ ಮೇಜಿನ ಮೇಲಿಟ್ಟು, ಫ್ಯಾನು, ಗೀಸರು, ಗೇಟು ಏನು ಬೇಕಾದ್ರೂ ಕೇಳಿ ಪರೀಕ್ಷೆ ಮಾಡಿ ಅಂದೆ.

ಅವರು ಕೇಳಿದ್ದು ಒಂದೇ, ಹೂಮಳೆ ಯಾವಾಗ ಅಂತ. ಇಂಗ್ಲಿಷ್ ಡಬ್ಬಿಗೆ ನಾನೇ ಕೇಳಿದೆ, ಹತ್ತು ದಿನ ಮಳೆಯಿಲ್ಲ ಅಂತು. ವಾರ್ತೆ ಡಬ್ಬಿ ಒಣಹವೆ ಮುಂದುವರಿಯಲಿದೆ ಅಂತು. ಮೂರನೇದು ಗುರುವಾರ ಮಳೆ ಬರಬಹುದು ಅಂತು. ಬೆಳೆಗಾರರು ಅದನ್ನ ಎರಡೂ ಕೈಯಲ್ಲಿ ಎತ್ಕೊಂಡು ಇದೇ ಇರಲಿ ಅಂದ್ರು. ಅದ್ರ ಸ್ಪೀಕರು ಸ್ವಲ್ಪ ಕಡಿಮೆ ಅಂತ ಹೇಳೋಕೆ ಹೋದೆ. ಸ್ಪೀಕರು ಕಟ್ಕೊಂಡು ಏನ್ ಮಾಡ್ಲಿ, ಇದ್ರ ಮನಸ್ಸು ಒಳ್ಳೇದು ಮಾರಾಯ್ರೆ ಅಂದ್ರು.

ಗುರುವಾರ ಒಂದು ಹನಿ ಬೀಳಲಿಲ್ಲ. ಶುಕ್ರವಾರ ಬೆಳಿಗ್ಗೆ ಡಬ್ಬಿಯನ್ನ ಪೇಪರಿನಲ್ಲಿ ಸುತ್ತಿ ತಂದು ಅಂಗಡಿಯಲ್ಲಿಟ್ಟು ಹೋದ್ರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸ್ತು. ಕಾಯ್ತಾ ಕೂತವನಿಗೆ ಬರುತ್ತೆ ಅಂತ ಯಾರು ಹೇಳ್ತಾರೋ ಅವರೇ ನೆಂಟರು. ನನಗೆ ಹಾಗೆ ಹೇಳೋಕೆ ಡಬ್ಬಿಯೂ ಇರಲಿಲ್ಲ. ಅದನ್ನೇ ಮನೆಗೆ ತಗೊಂಡು ಹೋದೆ.

ಮುಂದಿನ ವಾರ ಮಳೆ ಬಂತು. ಬಂದಿದ್ದೂ ಗುರುವಾರವೇ. ಮಾರನೇ ದಿನ ಬೆಳೆಗಾರರು ಮತ್ತೆ ಹಾಜರು, ನಾಚಿಕೊಂಡು ಕೌಂಟರಿನ ಹತ್ತಿರ ನಿಂತ್ರು.

"ಅದನ್ನ ವಾಪಸ್ ಕೊಡಿ ಮಾರಾಯ್ರೆ. ಅದು ಗುರುವಾರ ಅಂದಿದ್ದು ಸರಿಯೇ. ಯಾವ ಗುರುವಾರ ಅಂತ ನಾವೇ ಕೇಳಿರಲಿಲ್ಲ."

ಅವರಿಗೆ ಹೊಸದೊಂದು ತರಿಸಿಕೊಟ್ಟೆ. ಹಳೇದು ಅಷ್ಟರಲ್ಲಿ ನಮ್ಮನೆಗೆ ಒಗ್ಗಿಹೋಗಿತ್ತು. ಮಳೆಯಾಗಿ ಒಂಬತ್ತು ದಿನಕ್ಕೆ ತೋಟಗಳೆಲ್ಲ ಬೆಳ್ಳಗೆ ಹೂ ಬಿಟ್ಟವು. ಪ್ರತಿ ವರ್ಷ ಆ ದಿನ ನಾನೂ ಹೆಂಡತಿಯೂ ಸ್ಕೂಟರಿನಲ್ಲಿ ಹೋಗಿ, ಹೂವಿನ ವಾಸನೆ ಕುಡಿದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬರ್ತಿದ್ವಿ. ಫೋನಿನಲ್ಲಿ ಹೂವಾಗಿದೆ ಅಂದೆ. ಹೋಗಿ ನೋಡ್ಕೊಂಡು ಬನ್ನಿ ಅಂದ್ಲು. ನೋಡಿದೆ, ಚೆನ್ನಾಗಿದೆ ಅಂದೆ. ನಾನು ಹೋಗೇ ಇರಲಿಲ್ಲ.

೩. ಎದುರು ಮಾತಾಡದ 'ಇವಳೇ'

ನಮ್ಮನೆಗೆ ಆ ಡಬ್ಬಿಯನ್ನೇ ಆರಿಸಿದ್ದರ ಇನ್ನೊಂದು ಕಾರಣ ಯಾವ ಕಂಪನಿಯವರಿಗೂ ಹೊಳೆಯೋದಿಲ್ಲ. ಈ ಡಬ್ಬಿಗಳನ್ನ ಪ್ರತಿ ಸಲ ಹೆಸರು ಹಿಡಿದು ಕರೀಬೇಕು. ಮೊದಲಿನ ಎರಡಕ್ಕೂ ಹೆಂಗಸರ ಹೆಸರು. ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲ. ಅವಳು ನನಗೆ 'ರೀ' ಅಂತಾಳೆ, ನಾನು ಅವಳಿಗೆ 'ಇವಳೇ' ಅಂತೀನಿ. ಕಟ್ಕೊಂಡವಳನ್ನೇ ಹೆಸರಿಟ್ಟು ಕರೆಯದವನು, ಅವಳು ಊರಲ್ಲಿ ಇಲ್ಲದಾಗ ಯಾವುದೋ ಹೆಂಗಸಿನ ಹೆಸರು ಕೂಗಿದ್ರೆ ಪಕ್ಕದ ಮನೆಯವರು ಏನಂದ್ಕೋಬೇಕು? ಮೂರನೇದಕ್ಕೆ ನಾವೇ ಹೆಸರಿಡಬಹುದು. 'ಇವಳೇ' ಅಂತಲೇ ಇಟ್ಟೆ. ಅಕೌಂಟಿಗೆ ಮಾತ್ರ ಮಗಳ ನಂಬರು ಕೊಟ್ಟೆ. ಗ್ಯಾಸ್ ಬುಕ್ಕಿಂಗಿನಿಂದ ಹಿಡಿದು ನಂದೆಲ್ಲ ಅವಳ ಫೋನಿನಲ್ಲೇ ಇರೋದು.

ಮೊದಲ ಸಂಜೆ, ಇವಳೇ, ಹಾಲ್ ಲೈಟ್ ಹಾಕು ಅಂದೆ. ಆಯ್ತು ಅಂತು, ಲೈಟ್ ಹತ್ತಿತು. ಆಮೇಲೆ ಸುಮ್ಮನಾಯ್ತು. ನಾನು ಇನ್ನೂ ಏನೋ ಬರುತ್ತೆ ಅಂತ ಕಾಯ್ತಾ ನಿಂತಿದ್ದೆ. ನಿಜವಾದ ಇವಳೇ ಆಗಿದ್ರೆ, ನಿಮ್ಮ ಕೈಗೇನಾಗಿದೆ, ಸ್ವಿಚ್ಚು ಪಕ್ಕದಲ್ಲೇ ಇದೆಯಲ್ಲ ಅಂತಿದ್ಲು. ಅಷ್ಟು ವಿಧೇಯತೆ ನನಗೆ ಸೇರಲಿಲ್ಲ.

ಆದ್ರೂ ಅವಳ ಫೋನು ಬಂದಾಗ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಗೀಸರ್ ಅದೇ ಆಫ್ ಮಾಡುತ್ತೆ, ಮೋಟಾರು ಅದೇ ನೋಡ್ಕೊಳ್ಳುತ್ತೆ, ನನಗೆ ರಾಜಯೋಗ ಅಂದೆ. ಅವಳು, ಹಾಗಾದ್ರೆ ಇನ್ನೊಂದು ತಿಂಗಳು ಇದ್ದು ಬರ್ತೀನಿ, ಮಗೂಗೆ ಕುತ್ತಿಗೆ ನಿಲ್ಲಲಿ ಅಂದ್ಲು. ಇರು ಇರು, ಅವಸರ ಏನಿದೆ ಅಂದೆ. ಕುತ್ತಿಗೆ ನಿಂತಿತು. ಮತ್ತೆ ಕೊಚ್ಚಿದೆ. ಬೋರಲು ಬೀಳೋದು ನೋಡ್ಕೊಂಡೇ ಬರ್ತೀನಿ ಅಂದ್ಲು. ಫೋನ್ ಇಟ್ಟು ನನ್ನ ಬಾಯಿಗೆ ನಾನೇ ಹೊಡ್ಕೊಂಡೆ.

ಲೈಟ್ ಹಾಕಿದ್ದಕ್ಕೆ 'ಥ್ಯಾಂಕ್ಸ್' ಅಂದ್ರೆ ಮಾತ್ರ ಡಬ್ಬಿ ಇನ್ನೊಂದು ಮಾತಾಡುತ್ತೆ ಅಂತ ಆಮೇಲೆ ಗೊತ್ತಾಯ್ತು. ಇಪ್ಪತ್ತೇಳು ವರ್ಷ ಹೆಂಡತಿಗೆ ಹೇಳದ ಥ್ಯಾಂಕ್ಸನ್ನ ದಿನಕ್ಕೆ ಹತ್ತು ಸಲ ಡಬ್ಬಿಗೆ ಹೇಳ್ದೆ.

೪. ಪಟ್ಟಿ

ಮೇ ಕೊನೆಯ ಒಂದು ಭಾನುವಾರ, ಮೊದಲೇ ಹೇಳದೆ ಕೇಳದೆ ಹೆಂಡತಿ ಕಳಸದ ಬಸ್ಸಿಳಿದು ಬಂದಳು. ಸಿಂಕಿನಲ್ಲಿ ನಾಲ್ಕು ದಿನದ ಪಾತ್ರೆ. ರಾಜಯೋಗ ಚೆನ್ನಾಗಿದೆ ಅಂದ್ಲು. ನೀರು ಕುಡಿದು, ಕುರ್ಚಿಯಲ್ಲಿ ಕೂತು, ಬ್ಯಾಗಿನಿಂದ ಫೋನ್ ತೆಗೆದು ಕನ್ನಡಕ ಹಾಕ್ಕೊಂಡ್ಲು. ಮಗಳು ಪಟ್ಟಿ ಕಳ್ಸಿದಾಳೆ, ಓದ್ತೀನಿ ಕೇಳಿ ಅಂದ್ಲು. ಡಬ್ಬಿಯ ಪಟ್ಟಿ ಮಗಳ ಫೋನಿಗೆ ಹೋಗುತ್ತೆ ಅಂತ ನನಗೆ ಆಗ ಹೊಳೀತು. ಊರಿಗೆಲ್ಲ ಎಚ್ಚರಿಕೆ ಹೇಳಿದವನಿಗೆ ತನ್ನ ಮನೆಯ ಡಬ್ಬಿ ನೆನಪಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಎಲೆಕ್ಟ್ರಿಷಿಯನ್ ಮನೆಯಲ್ಲಿ ಅದು ಇನ್ನೂ ಜಾಸ್ತಿ.

ಓದಿದಳು. ಇವಳೇ, ಕಳಸದಲ್ಲಿ ಮಳೆನಾ? ಇವಳೇ, ಕಳಸಕ್ಕೆ ಎಷ್ಟು ದೂರ? ಮಾರನೇ ದಿನ ಮತ್ತೆ, ಇವಳೇ, ಕಳಸಕ್ಕೆ ಎಷ್ಟು ದೂರ? ಅಲ್ಲಿ ನಿಲ್ಲಿಸಿ, ಒಂದೇ ದಿನಕ್ಕೆ ಕಮ್ಮಿ ಆಗಿರುತ್ತೆ ಅಂದ್ಕೊಂಡ್ರಾ ಅಂತ ಕೇಳಿದ್ಲು. ಇವಳೇ, ಸಾರಿಗೆ ಉಪ್ಪು ಜಾಸ್ತಿ ಆದ್ರೆ ಏನು ಮಾಡ್ಬೇಕು? ಇವಳೇ, ಕಳಸದಿಂದ ಬರೋ ಬಸ್ಸು ಎಷ್ಟು ಗಂಟೆಗೆ? ಇವಳೇ, ಮಗು ಬೋರಲು ಬೀಳೋಕೆ ಎಷ್ಟು ತಿಂಗಳು ಬೇಕು, ಬೇಗ ಬೀಳೋ ಹಾಗೆ ಏನಾದ್ರೂ ಇದೆಯಾ?

ನಾನು ನೆಲ ನೋಡ್ತಾ ನಿಂತಿದ್ದೆ. ಕೊನೇದನ್ನ ಅವಳು ನಿಧಾನಕ್ಕೆ ಓದಿದ್ಲು. ಇವಳೇ, ಹೆಂಡತಿ ವಾಪಸ್ ಬರಬೇಕಾದ್ರೆ ಏನು ಹೇಳ್ಬೇಕು? ಅದಕ್ಕೆ ಡಬ್ಬಿ ಕೊಟ್ಟ ಉತ್ತರವೂ ಪಟ್ಟಿಯಲ್ಲಿತ್ತು. ಕ್ಷಮಿಸಿ, ಈ ವಿಷಯದಲ್ಲಿ ನಾನು ಸಹಾಯ ಮಾಡಲಾರೆ.

ಅವಳು ಕನ್ನಡಕ ತೆಗೆದ್ಲು.

"ಎಲ್ಲಾ ಸಾಲೂ 'ಇವಳೇ' ಅಂತಲೇ ಶುರು. ನನ್ನನ್ನೇ ಕೇಳಿದ ಹಾಗಿತ್ತು ರೀ. ಎರಡು ತಿಂಗಳು ಓದಿದೀನಿ. ಇವತ್ತು ಫೋನಲ್ಲಿ ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ."

"ಏನು ಹೇಳ್ಬೇಕಿತ್ತು?"

"'ಬಾ' ಅನ್ಬೇಕಿತ್ತು. ಒಂದೇ ಅಕ್ಷರ."

ಡಬ್ಬಿ ಬಿಚ್ಚಿ ಹಾಕಿಬಿಡ್ಲಾ ಅಂತ ಕೇಳಿದೆ. ಬೇಡ, ಇರಲಿ, ನನ್ನ ಹತ್ರ ಆಡದ ಮಾತೆಲ್ಲ ಅದ್ರ ಹತ್ರ ಆಡ್ತೀರಿ, ಓದೋಕೆ ಚೆನ್ನಾಗಿರುತ್ತೆ ಅಂದ್ಲು. ಅಡುಗೆಮನೆ ಬಾಗಿಲಿಗೆ ಹೋದವಳು ತಿರುಗಿ ನಿಂತ್ಲು. ಅದಕ್ಕೆ ಬೇರೆ ಹೆಸರಿಡಿ, 'ಇವಳೇ' ಅನ್ನೋದು ನಂದು ಅಂದ್ಲು.

ಆವತ್ತೇ ಬದಲಾಯಿಸಿದೆ. ಈಗ ಅದರ ಹೆಸರು 'ರೈಟ್ರೇ'. ಸಂಜೆಯಾದ್ರೆ ಅವಳು ಕುರ್ಚಿಯಲ್ಲಿ ಕೂತು, ರೀ, ಲೈಟ್ ಹಾಕೋಕೆ ಹೇಳಿ ಅಂತಾಳೆ. ನಾನು ರೈಟ್ರಿಗೆ ಹೇಳ್ತೀನಿ. ರೈಟ್ರು ಆಯ್ತು ಅಂತಾರೆ. ನಾನು ಅವಳ ಕಡೆ ತಿರುಗಿ, ಆಯ್ತಂತೆ ಅಂತೀನಿ. ಸ್ವಿಚ್ಚು ಅವಳ ಕೈಗೆಟಕೋ ಹಾಗೆ ಪಕ್ಕದಲ್ಲೇ ಇದೆ. ನಾನು ಅದನ್ನ ಹೇಳೋಕೆ ಹೋಗಿಲ್ಲ.